ಎರಡನೇ ತಟ್ಟೆ

ಗುಬ್ಬಿ
೧೮-೮-೧೯೭೯, ಶನಿವಾರ

ಚಿ. ಸೌ. ಗಂಗಾಂಬಿಕೆಗೆ ನಿನ್ನ ಅಮ್ಮನ ಆಶೀರ್ವಾದ.

ಕುಶಲ ಕೇಳುವುದನ್ನೆಲ್ಲ ಇನ್ನೊಂದು ಕಾಗದಕ್ಕೆ ಇಟ್ಟುಕೊಂಡಿದ್ದೇನೆ. ಇದು ಸಿಟ್ಟಿನ ಕಾಗದ. ಕೆಲಸದ ನಡುವೆ ನಿಂತುಕೊಂಡು ಓದಬೇಡ, ಕೂತು ಓದು.

ನಿನ್ನ ಕಾಗದ ನಿನ್ನೆ ಬಂತು. ಹೇಳದೆ ಕೇಳದೆ ಮೊದಲ ಬಸ್ಸಿಗೆ ಹೊರಟುಹೋದೆ, ಮಗು ಅಜ್ಜಿ ಅಜ್ಜಿ ಅನ್ನುತ್ತದೆ, ಅಳಿಯಂದಿರ ಹತ್ತಿರ ಒಂದು ಸಲ ತಪ್ಪಾಯಿತು ಅಂದುಬಿಡು, ಎಲ್ಲರೂ ಮರೆತುಬಿಡೋಣ ಎಂದು ಬರೆದಿದ್ದೀಯ. ಜೊತೆಗೆ, ಈ ಗಲಾಟೆಯಲ್ಲಿ ನಿಮ್ಮತ್ತೆಯವರ ಕನ್ನಡಕ ಬೇರೆ ಕಳೆದುಹೋಗಿದೆ, ಮನೆಯೆಲ್ಲ ಹುಡುಕಿದರೂ ಸಿಕ್ಕಿಲ್ಲ, ವಚನದ ಪುಸ್ತಕ ಓದಲಾರದೆ ಮಂಕಾಗಿ ಕೂತಿದ್ದಾರೆ ಎಂದೂ ಬರೆದಿದ್ದೀಯ. ಕೂತಿರಲಿ.

ನಾನು ಏನು ತಪ್ಪು ಮಾಡಿದೆನಮ್ಮ? ದೋಸೆ ತಿಂದೆ.

ನಿನಗೆ ಸ್ಕೂಲಿನ ಕೆಲಸ ಸಿಕ್ಕಿತು, ಮಗು ನೋಡಿಕೊಳ್ಳಲು ತುಮಕೂರಿಗೆ ಬಾ ಅಂದೆ, ಬಂದೆ. ಗುರುವಾರ ನೀನು ಮೂರಕ್ಕೇ ಮನೆಗೆ ಬರುತ್ತಿದ್ದೆ. ನಾಲ್ಕಕ್ಕೆ ನಿಮ್ಮತ್ತೆ ವಿಭೂತಿ ಇಟ್ಟುಕೊಂಡು ಮಠದ ಪುರಾಣಕ್ಕೆ ಹೊರಡುತ್ತಿದ್ದರು. ಅವರು ಹೋದ ಕಾಲು ಗಂಟೆಗೆ ನಾನು ಚೀಲ ಹಿಡಿದು ಮಾರ್ಕೆಟ್ಟಿಗೆ ಹೊರಡುತ್ತಿದ್ದೆ. ಮಂಡಿಪೇಟೆ ತಿರುವಿನಲ್ಲಿ ಆ ಹೋಟೆಲು. ಮೊದಲ ದಿನ ಬೆಣ್ಣೆಯ ವಾಸನೆಗೆ ಕಾಲು ತಾನಾಗಿ ನಿಂತಿತು. ಬಾಗಿಲಲ್ಲೇ ನಿಂತಿದ್ದವಳನ್ನು ಸಪ್ಲೈಯರ್ ಪುಟ್ಟರಂಗಯ್ಯ ನೋಡಿ, 'ಒಳಗ್ ಬನ್ನಿ ತಾಯಿ, ಹೆಂಗಸ್ರು ಕೂತ್ಕೊಳ್ಳಲಿ ಅಂತ್ಲೇ ಫ್ಯಾಮಿಲಿ ರೂಮ್ ಮಾಡಿರೋದು' ಅಂದ. ಎರಡು ಬೆಂಚು, ನಡುವೆ ಒಂದು ಟೇಬಲ್ಲು, ಬಾಗಿಲಿಗೆ ಹಸಿರು ಪರದೆ. ಕೈ ತೊಳೆಯಲು ಹಿಂದುಗಡೆ ಇನ್ನೊಂದು ಬಾಗಿಲು.

ಏನು ಕೊಡಲಿ ಅಂದ. ಏನೇನಿದೆ ಅಂದೆ. ಇಡ್ಲಿ ವಡೆ ಮಸಾಲೆ ಸೆಟ್ಟು ಖಾಲಿ ರವೆ ದೋಸೆ ಖಾರಾಬಾತು ಕೇಸರಿಬಾತು ಎಂದು ಒಂದೇ ಉಸಿರಿನಲ್ಲಿ ಹೇಳಿದ. ಇನ್ನೊಂದು ಸಲ ಹೇಳಪ್ಪ ಅಂದೆ. 'ಯಾಕ್ ತಾಯಿ, ಕಿವಿ ಮಂದ್ವಾ?' ಅಂದ. 'ಕಿವಿ ನೆಟ್ಟಗೈತೆ. ಕೇಳೋಕ್ ಚೆನ್ನಾಗೈತೆ, ಹೇಳಪ್ಪ' ಅಂದೆ. ನಕ್ಕು ಇನ್ನೊಂದು ಸಲ ಹೇಳಿದ.

ಗುಬ್ಬಿಯ ಈ ಮನೆಯಲ್ಲಿ ನಾನು ಹುಯ್ದ ದೋಸೆಯನ್ನು ಸಾಲಾಗಿ ಜೋಡಿಸಿದರೆ ತುಮಕೂರು ಮುಟ್ಟುತ್ತದೆ. ನಿಮ್ಮಪ್ಪನಿಗೆ, ಕೊಬ್ಬರಿ ವ್ಯಾಪಾರಕ್ಕೆ ಬಂದವರಿಗೆ, ನಿಮಗೆಲ್ಲ ಹುಯ್ದು, ತಳದ ಹಿಟ್ಟಿಗೆ ನೀರು ಬೆರೆಸಿ ಹುಯ್ದದ್ದನ್ನು ನಿಂತೇ ತಿಂದು ಹಂಚು ಇಳಿಸಿದ್ದೇನೆ. ಅದಕ್ಕೆ ನಾನು ಅಳಲಿಲ್ಲ. ಆದರೆ ಕೂತಲ್ಲಿಗೆ ಬಂದ ಗರಿಗರಿ ದೋಸೆಯನ್ನು ಮುರಿದಾಗ ಬರುವ ಸದ್ದನ್ನು ಐವತ್ತೆಂಟನೇ ವಯಸ್ಸಿನಲ್ಲಿ ಮೊದಲ ಸಲ ಕೇಳಿದೆ. ಆಮೇಲೆ ಯಾವ ಗುರುವಾರವನ್ನೂ ಬಿಡಲಿಲ್ಲ. ನಿನಗೆ ಹೇಳಲಿಲ್ಲ, ನಿಜ. ಹೇಳಿದ್ದರೆ 'ಮನೇಲೇ ಮಾಡ್ಕೋಬಹುದಲ್ಲಮ್ಮ' ಅನ್ನುತ್ತಿದ್ದೆ. ಮಾಡುವವಳು ಯಾರೇ?

ಇನ್ನು ಒಂಬತ್ತನೇ ತಾರೀಖಿನ ಗುರುವಾರ. ನಿನ್ನ ಗಂಡನ ಆಫೀಸಿನ ಜವಾನ ದ್ಯಾವಪ್ಪ ಕಾಫಿಗೆ ಬಂದವನು ನಾನು ಫ್ಯಾಮಿಲಿ ರೂಮಿಗೆ ಹೋಗುವುದನ್ನು ಕಂಡ. ಪರದೆಯೊಳಗೆ ಎರಡು ತಟ್ಟೆ ಹೋದದ್ದನ್ನು ಎಣಿಸಿದ. ಓಡಿಹೋಗಿ 'ಸಾರ್, ನಿಮ್ಮತ್ತೆ ಜತೆ ಒಳಗ್ ಇನ್ನೊಬ್ರು ಅವ್ರೆ' ಎಂದು ಊದಿದ. ಅಳಿಯಂದಿರು ಮನೆಗೆ ಬಂದು ನಿನ್ನನ್ನು ಹೊರಡಿಸಿದರು. ನೀನು ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಬಂದು, ಇಡೀ ಹೋಟೆಲು ತಿರುಗಿ ನೋಡುವ ಹಾಗೆ 'ಅಮ್ಮಾ' ಎಂದು ಕೂಗಿ ಪರದೆ ಎಳೆದೆ. ಪರದೆಯ ಉಂಗುರ ಕಿತ್ತು ಬಂತು. ಮಗು ದೋಸೆಗೆ ಕೈ ಚಾಚಿತು. ನೀನು ಅದರ ಕೈಗೆ ಹೊಡೆದೆ. ನನಗೆ ಹೊಡೆದಿದ್ದರೂ ಅಷ್ಟು ಉರಿಯುತ್ತಿರಲಿಲ್ಲ.

'ಇನ್ನೊಂದ್ ತಟ್ಟೆ ಯಾರದು?' ಅಂತ ನೀನು ಕೇಳಿದೆ. 'ನಂದೇ. ಎರಡೂ ನಾನೇ ತಿಂದೆ' ಅಂತ ನಾನಂದೆ. ಈಗಲೂ ಅದನ್ನೇ ಹೇಳುತ್ತೇನೆ, ಎರಡೂ ನಾನೇ ತಿಂದೆ. ನೀನು ನಂಬಲಿಲ್ಲ. ಅಮ್ಮನಿಗೆ ಎರಡು ದೋಸೆಯ ಹಸಿವು ಇದ್ದೀತು ಅಂತ ನಂಬಲು ನಿನಗೆ ಕಷ್ಟವಾಯಿತು, ಅಮ್ಮ ಯಾರೋ ಗಂಡಸಿನ ಜೊತೆ ಪರದೆಯೊಳಗೆ ಕೂತಿದ್ದಳು ಅಂತ ನಂಬಲು ಸುಲಭವಾಯಿತು!

ಮನೆಯಲ್ಲಿ ನನ್ನನ್ನು ನಡುಮನೆಯಲ್ಲಿ ಕೂರಿಸಿ ಪಂಚಾಯಿತಿ ಮಾಡಿದಿರಿ. ಅಳಿಯಂದಿರು ಏನಂದರು, ಜ್ಞಾಪಕ ಇದೆಯಾ? 'ನಮ್ಮನೆ ಮರ್ಯಾದೆ ಮಂಡಿಪೇಟೇಲಿ ಹರಾಜಾಯ್ತು. ಅದೂ ಶ್ರಾವಣದಲ್ಲಿ. ಯಾರ್ ಜೊತೆ ಕೂತಿದ್ರಿ, ಹೇಳ್ಬಿಡಿ.' ನಾನು 'ದೋಸೆ ಜೊತೆ ಕೂತಿದ್ದೆ ಅಳಿಯಂದ್ರೆ' ಅಂದೆ. ಅವರು ಟೇಬಲ್ಲು ಗುದ್ದಿದರು. ನೀನು ನೆಲ ನೋಡುತ್ತಿದ್ದೆ.

ಅಷ್ಟಾದರೂ ಸಹಿಸಿದ್ದೆ. ಆದರೆ ನಿಮ್ಮತ್ತೆ ಬಸವಲಿಂಗಮ್ಮನವರು, ಹೊರಗೆ ಹನಿ ನೀರೂ ಮುಟ್ಟದವರು, ಪುರಾಣ ಮುಗಿಸಿ ಬಂದು ಆಗಲೇ ಜಪಕ್ಕೆ ಕೂತಿದ್ದವರು, ಗೋಡೆಯ ಕಡೆ ಕಣ್ಣು ಕಿರಿದು ಮಾಡಿಕೊಂಡು ಒಂದು ಮಾತು ಆಡಿದರಲ್ಲ: 'ನಾಲ್ಗೇನ ಹತೋಟೀಲಿ ಇಟ್ಕೊಳ್ದಿದ್ರೆ ಲಿಂಗ ಕಟ್ಕೊಂಡು ಏನ್ ಬಂತು, ಬೀಗಿತ್ತಿ?' ಆ ಮಾತಿಗೆ ನನ್ನ ಮೈಯೆಲ್ಲ ಬೆಂಕಿಯಾಯಿತು. ಅವತ್ತು ಪುರಾಣದಲ್ಲಿ ಏನು ಓದಿದರು ಅಂತ ಅವರನ್ನು ಒಂದು ಸಲ ಕೇಳಿ ನೋಡು. ನನಗೂ ತಿಳಿಯುವ ಆಸೆಯಿದೆ. ರಾತ್ರಿ ನಾನು ಚೀಲ ಕಟ್ಟುವಾಗ ಅವರು ಎರಡು ಸಲ ಬಾಗಿಲ ತನಕ ಬಂದು ಹಿಂದೆ ಹೋದರು. ನಾನು ತಲೆ ಎತ್ತಲಿಲ್ಲ.

ತಪ್ಪಾಯಿತು ಅಂತ ನಾನು ಹೇಳುವುದಿಲ್ಲ ಗಂಗಾ. ಹಾಗೆ ಹೇಳಿದರೆ ತಿಂದ ದೋಸೆಗಳೆಲ್ಲ ಕದ್ದ ದೋಸೆಗಳಾಗುತ್ತವೆ. ಮಗುವಿನ ಮೇಲೆ ಪ್ರಾಣ ಇಟ್ಟಿದ್ದೇನೆ, ನಿನಗೂ ಗೊತ್ತು. ಅದು ಕೈ ಚಾಚಿದ್ದು ದಿನಾ ಕಣ್ಣ ಮುಂದೆ ಬರುತ್ತದೆ. ಆದರೂ ನೀನೇ ಬಂದು, ಯಾರ ಜೊತೆಯೂ ಇರಲಿಲ್ಲ ಅಂತ ಗೊತ್ತಮ್ಮ ಅನ್ನುವವರೆಗೆ ನಿಮ್ಮ ಹೊಸಿಲು ತುಳಿಯುವುದಿಲ್ಲ. ತುಮಕೂರಿಗೆ ಬರುವುದನ್ನು ಮಾತ್ರ ಬಿಡುವುದಿಲ್ಲ. ಮುಂದಿನ ಗುರುವಾರ ಬಸ್ಸಿಗೆ ಬಂದು, ಫ್ಯಾಮಿಲಿ ರೂಮಿನಲ್ಲಿ ಕೂತು, ಸಂಜೆಗೆ ಗುಬ್ಬಿಗೆ ವಾಪಸಾಗುತ್ತೇನೆ. ದ್ಯಾವಪ್ಪ ಬೇಕಾದರೆ ಸ್ಟೂಲು ಹಾಕಿಕೊಂಡು ತಟ್ಟೆ ಎಣಿಸಲಿ.

ಇಂತಿ ನಿನ್ನ ಅಮ್ಮ,
ಸಿದ್ದಗಂಗಮ್ಮ

ವಿ. ಸೂ.: ಈ ಕಾಗದ ತರುವ ಅಂಜನಮೂರ್ತಿಯ ಕೈಯಲ್ಲಿ ನಿಮ್ಮತ್ತೆಯವರ ಕನ್ನಡಕ ಕಳಿಸಿದ್ದೇನೆ. ನಾನು ಬಸ್‌ಸ್ಟ್ಯಾಂಡಿಗೆ ಹೋಗುವಾಗ ಪುಟ್ಟರಂಗಯ್ಯ ಕೂಗಿ ಕೊಟ್ಟ. ಫ್ಯಾಮಿಲಿ ರೂಮಿನಲ್ಲಿ ನನ್ನ ಎದುರು ಬೆಂಚಿನ ಮೇಲೆ ಇತ್ತಂತೆ. ಬಿಸಿ ದೋಸೆಯ ಹಬೆ ಗಾಜಿಗೆ ಕೂರುತ್ತದೆ ಅಂತ ಅವರು ಪ್ರತಿ ಗುರುವಾರ ತೆಗೆದಿಡುತ್ತಾರೆ, ಪ್ರತಿ ಗುರುವಾರ ನಾನೇ ನೆನಪಿಸಬೇಕು. ಅವತ್ತು ಕೈ ತೊಳೆಯಲು ಹೋದವರು ನಿನ್ನ ದನಿ ಕೇಳಿ ಹಿಂದಿನ ಗಲ್ಲಿಯಲ್ಲಿ ಹಾಗೇ ಓಡಿದರು. ಯಾರ ಹತ್ತಿರವೂ ಬಾಯಿ ಬಿಡುವುದಿಲ್ಲ ಅಂತ ಯಡಿಯೂರು ಸಿದ್ಧಲಿಂಗೇಶ್ವರನ ಆಣೆ ಮಾಡಿದ್ದೆ. ಬಾಯಿ ಬಿಟ್ಟಿಲ್ಲ. ಕನ್ನಡಕವನ್ನು ಇಷ್ಟು ದಿನ ಬೇಕೆಂದೇ ಇಟ್ಟುಕೊಂಡಿದ್ದೆ, ಅಷ್ಟು ಸಿಟ್ಟಿತ್ತು. ಅವರೊಬ್ಬರೇ ಇದ್ದಾಗ ಕೈಗೆ ಕೊಡು, ನಿನ್ನ ಗಂಡನ ಎದುರಿಗೆ ಬೇಡ. ಗುರುವಾರ ನಾಲ್ಕೂವರೆಗೆ ಎರಡು ಮಸಾಲೆ ಹೇಳಿರುತ್ತೇನೆ. ತಡವಾಗಿ ಬಂದು ದೋಸೆ ಆರಿಹೋಯಿತು ಅಂದರೆ ನಾನು ಕೇಳುವವಳಲ್ಲ ಅಂತ ಅವರಿಗೆ ಹೇಳು.