ಲೆಕ್ಕದ ಯಂತ್ರದ ಮೇಲಿನ ಅಣಬೆ ಹಾರ

ಕೀವ್
9 ಅಕ್ಟೋಬರ್ 1955

ಮುದ್ದು ಒದಾರ್ಕಾ,

ಹೇಗಿದ್ದೀಯ ಮಗಳೇ? ಇಷ್ಟು ದಿನ ನಿನ್ನ ಪತ್ರಗಳಿಗೆ ಉತ್ತರ ಬರೆಯದ ಅಪ್ಪನನ್ನು ಚೆನ್ನಾಗಿ ಬೈದುಕೊಂಡಿರುತ್ತೀಯ. ಬೈದುಕೋ, ಆದರೆ ಮೊದಲು ಇದನ್ನು ಓದು.

'ನಿಮ್ಮಪ್ಪ ಎಂಥಾ ಗಣಿತಜ್ಞ, ಒಂದು ಲೇಖನಾನೂ ಅಚ್ಚಾಗಿಲ್ಲ' ಎಂದು ಗೆಳತಿಯರು ಕೆಣಕುತ್ತಾರೆ ಅಂತ ಬರೆದಿದ್ದೆಯಲ್ಲ? ಈಗ ಹೇಳಲು ಅಪ್ಪಣೆ ಸಿಕ್ಕಿದೆ. ಇಷ್ಟು ವರ್ಷ ಈ ಕಾಡಂಚಿನ ಹಳೆಯ ಕಟ್ಟಡದಲ್ಲಿ ನಾವು ತಂತಾನೇ ಲೆಕ್ಕ ಮಾಡುವ ಯಂತ್ರ ಕಟ್ಟುತ್ತಿದ್ದೆವು! ಕಷ್ಟದ ಲೆಕ್ಕವನ್ನು ಹೆಜ್ಜೆ ಹೆಜ್ಜೆಯಾಗಿ ಬಿಡಿಸಿ ಅದಕ್ಕೆ ಉಣಿಸುವುದು ನನ್ನ ಕೆಲಸ. ಒಳಗೆ ಬಲ್ಬಿನಂತೆ ಉರಿದು ಕಾಯುವ ಸಾವಿರಾರು ರೇಡಿಯೊ ವಾಲ್ವುಗಳು. ಒಲೆಯ ಮುಂದೆ ಕೂತಷ್ಟು ಸೆಕೆ. ಅದಕ್ಕೇ ಶರತ್ಕಾಲ ಬಂತೆಂದರೆ ನಾವೆಲ್ಲ ಕಾಡಿನ ಅಣಬೆ ಆಯ್ದು, ದಾರಕ್ಕೆ ಪೋಣಿಸಿ, ಯಂತ್ರದ ನೆತ್ತಿಯ ಮೇಲೆ ಒಣಗಲು ತೂಗುಹಾಕುತ್ತೇವೆ.

ನಿನ್ನೆ ಮಾಸ್ಕೋದಿಂದ ಸಮಿತಿ ಬಂದಿತ್ತು. ಅವರು ತಂದ ಲೆಕ್ಕ ಸರಿಹೋದರೆ ಯಂತ್ರ ಉಳಿಯಿತು, ಇಲ್ಲದಿದ್ದರೆ ಬಿಚ್ಚಿಹಾಕುವುದೆಂದು ಮೊದಲೇ ತೀರ್ಮಾನವಾಗಿತ್ತು. ಮೊದಲ ಉತ್ತರವೇ ಶುದ್ಧ ಅಸಂಬದ್ಧ! ಅಧ್ಯಕ್ಷರು ಹುಬ್ಬು ಗಂಟಿಕ್ಕಿದರು. ಅಷ್ಟರಲ್ಲಿ ನಮ್ಮ ಎಂಜಿನಿಯರ್ ಪ್ರೊಕೋಪ್ ತಲೆಯೆತ್ತಿ ನೋಡಿ ಕೂಗಿದ, "ಅಯ್ಯೋ, ಹಸಿ ಅಣಬೆಯಿಂದ ನೀರು ತೊಟ್ಟಿಕ್ತಿದೆ! ಇದನ್ನ ಕಟ್ಟಿದ ಮಹಾನುಭಾವ ಯಾರಪ್ಪಾ?"

"ನಾನೇ ಕಣಯ್ಯಾ," ಅಂದೆ.

ಒರೆಸಿ, ಒಣಗಿಸಿ, ಮತ್ತೆ ಓಡಿಸಿದೆವು. ಕೊನೆಯ ಅಂಕಿಯವರೆಗೂ ಉತ್ತರ ಸರಿ! ಅಧ್ಯಕ್ಷರು ನಕ್ಕೇಬಿಟ್ಟರು. "ಲೆಕ್ಕಾನೂ ಮಾಡತ್ತೆ, ಅಣಬೇನೂ ಒಣಗಿಸತ್ತೆ. ಇಂಥದ್ದನ್ನ ಬಿಚ್ಚಿಸಿದೆ ಅಂದ್ರೆ ನನ್ನ ಹೆಂಡ್ತಿ ಮನೆಯೊಳಗೆ ಸೇರಿಸ್ತಾಳಾ?" ಎಂದರು. ಇನ್ನು ಗುಟ್ಟು ಬೇಡವೆಂದೂ ಅಲ್ಲೇ ಹೇಳಿದರು. ಸದ್ಯದಲ್ಲೇ ಪತ್ರಿಕೆಯಲ್ಲಿ ನನ್ನ ಹೆಸರೂ ಬರುತ್ತದೆ. ಕತ್ತರಿಸಿ ಕಳಿಸುತ್ತೇನೆ, ಆ ಹುಡುಗಿಯರ ಮೂಗಿನ ಮುಂದೆ ಹಿಡಿ.

ಚಳಿ ಶುರುವಾಯಿತು, ಬೆಚ್ಚಗಿರು. ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನಗೆ ಒಳ್ಳೆಯದಾಗಲಿ ಮಗಳೇ.

ನಿನ್ನ ಅಪ್ಪ,
ಯುಖಿಮ್

ತಾ.ಕ.: ಎಲ್ಲರೂ ಹೊರಟ ಮೇಲೆ ಪ್ರೊಕೋಪ್ ಮೆಲ್ಲಗೆ ಕೇಳಿದ, "ಅಲ್ಲ ಕಣೋ, ಹೆಂಡ್ತಿ ತೀರ್ಕೊಂಡ್ಮೇಲೆ ನಿಮ್ಮನೇಲಿ ಅಣಬೆ ಸಾರು ಮಾಡೋರು ಯಾರಿದಾರೆ?" ಅಭ್ಯಾಸಬಲದಿಂದ ಪೋಣಿಸಿಬಿಟ್ಟಿದ್ದೆ. ನಿನ್ನಮ್ಮ ಬಾಗಿಲು ತೆರೆಯುತ್ತಲೇ ಕೇಳುತ್ತಿದ್ದಳು, "ಇವತ್ತೇನ್ ಮಾಡಿದ್ರಿ?" ಹೇಳುವಂತಿರಲಿಲ್ಲ; ಅಣಬೆ ಹಾರವನ್ನು ಅವಳ ಕೈಗಿಡುತ್ತಿದ್ದೆ. "ಇಷ್ಟೆಲ್ಲಾ ಓದಿ ಅಣಬೆ ಒಣಗಿಸೋ ಕೆಲಸಾನಾ!" ಎಂದು ನಗುತ್ತಿದ್ದಳು. ಆಮೇಲಾಮೇಲೆ ನಗುವುದನ್ನೂ ಬಿಟ್ಟಳು. ನನ್ನ ಕೆಲಸ ಅದೇ ಎಂದು ನಂಬಿಕೊಂಡೇ ಹೋದಳು.

ರಜೆಗೆ ಬಂದಾಗ ನೀನೇ ಬಾಗಿಲು ತೆರೆ, ಒದಾರ್ಕಾ. ಅವಳ ಹಾಗೆ ಒಂದು ಸಲ ಕೇಳು.