ಚಿಲ್ಲಾ ಕೋಣೆಯ ಪೆನ್ ಟಾರ್ಚು

ಜನವರಿ 8, ಬೆಳಗ್ಗೆ

ಪೆನ್ ಟಾರ್ಚು ಹಿಡಿದು ನೆಲಮಾಳಿಗೆಗೆ ಇಳಿದು ಗಜ್ಜರಿ ತಂದೆ. ಒಂದು ಕೈಯಲ್ಲಿ ಬುಟ್ಟಿ, ಇನ್ನೊಂದು ಏಣಿಯ ಮೇಲೆ, ಟಾರ್ಚು ಹಲ್ಲುಗಳ ನಡುವೆ. ಲೋಹದ ಮೈ, ನಾಲಿಗೆ ಮರಗಟ್ಟಿತು. ಆದರೆ ಜಾರಲಿಲ್ಲ. ಕಳೆದ ವರ್ಷದ ದೊಡ್ಡ ಟಾರ್ಚನ್ನು ಹೀಗೆ ಕಚ್ಚಿಕೊಂಡಿದ್ದರೆ ಉಳಿದಿರುವ ಸ್ವಂತ ಹಲ್ಲುಗಳೂ ಹೋಗುತ್ತಿದ್ದವು.

ಕ್ಲಿಪ್ಪು ಬಿಗಿ. ಏಪ್ರನ್ನಿನ ಜೇಬಿಗೆ ಸಿಕ್ಕಿಸಿದರೆ ಬಗ್ಗಿದಾಗ ಬೀಳುವುದಿಲ್ಲ. ಎರಡು ಸಣ್ಣ ಬ್ಯಾಟರಿ ಸಾಕು, ಬಜಾರಿನಲ್ಲಿ ಎಲ್ಲಿ ಬೇಕಾದರೂ ಸಿಗುತ್ತವೆ. ಇದು ದೊಡ್ಡ ಗುಣ. ಅಂಗಡಿಯವನು ಮೊದಲು ಖುಷ್‌ಬಖ್ತ್‌ಗೆ ತೋರಿಸಿದ್ದು ಗೋಡೆಗೆ ಸಿಕ್ಕಿಸಿ ಚಾರ್ಜ್ ಮಾಡುವಂಥದ್ದಂತೆ. ಕರೆಂಟಿಲ್ಲದಾಗ ಬೇಕಾಗುವ ವಸ್ತು, ಅದಕ್ಕೆ ಕರೆಂಟೇ ಆಹಾರ! ಮಗನಿಗೆ ಅಷ್ಟಾದರೂ ಬುದ್ಧಿ ಇತ್ತು, ಇದನ್ನು ತಂದ.

ತಂದದ್ದು ನನಗಲ್ಲ. ಚಿಲ್ಲಾ ಕೋಣೆಗೆ. ಸೊಸೆ ಮೆಹ್ರಂಗೇಜ್ ಮೊನ್ನೆ ಹೆತ್ತಳು. ಗಂಡು. ನಾಳೆ ಆಸ್ಪತ್ರೆಯಿಂದ ಬರುತ್ತಾರೆ. ಮುಂದಿನ ನಲವತ್ತು ದಿನ ಚಿಲ್ಲಾ, ತಾಯಿ ಮಗು ಹೊಸ್ತಿಲು ದಾಟುವ ಹಾಗಿಲ್ಲ, ಆ ಕೋಣೆಯಲ್ಲಿ ಹಗಲಿರುಳು ದೀಪ ಆರುವ ಹಾಗಿಲ್ಲ. ದೀಪ ಆರಬಾರದು ಅಂತ ಹಿರಿಯರ ನಿಯಮ. ದೀಪ ಉರಿಯಬಾರದು ಅಂತ ವಿದ್ಯುತ್ ಇಲಾಖೆಯ ನಿಯಮ. ಅದಕ್ಕೆ ಲಿಮಿಟ್ ಅಂತ ಹೆಸರು ಬೇರೆ. ಬೆಳಗ್ಗೆ ಸ್ವಲ್ಪ ಹೊತ್ತು, ಸಂಜೆ ಸ್ವಲ್ಪ ಹೊತ್ತು ಕೊಟ್ಟು ಉಪಕಾರ ಮಾಡುತ್ತಾರೆ.

ಅಣೆಕಟ್ಟು ಕಟ್ಟಿದ ವರ್ಷ "ಪ್ರತಿ ಮನೆಗೂ ಬೆಳಕು" ಅಂತ ಜಿಲ್ಲಾ ಪತ್ರಿಕೆಯ ಮುಖಪುಟದಲ್ಲಿ ಬಂತು. ಅದರ ಕರಡು ತಿದ್ದಿದವಳು ನಾನೇ. ಒಂದಕ್ಷರ ತಪ್ಪಿರಲಿಲ್ಲ. ವಿಷಯವೇ ತಪ್ಪಿತ್ತು.

ಜನವರಿ 9

ಬಂದರು. ಮಗುವಿನ ಮೂಗು ನನ್ನ ಗಂಡನದೇ. ಅವರಿದ್ದಿದ್ದರೆ... ಇರಲಿ.

ಕೋಣೆಯ ಯಜಮಾನಿಕೆ ಬೀಬಿಸೋರೋಳದು. ನನ್ನ ಗಂಡನ ಅಕ್ಕ, ತನ್ನ ಗಂಡ ಸತ್ತ ಮೇಲೆ ನಮ್ಮಲ್ಲೇ ಇದ್ದಾಳೆ. ಕಿಟಕಿಗಳಿಗೆ ರಜಾಯಿ ಹೊಡೆಸಿದಳು. ತೊಟ್ಟಿಲಿನ ದಿಂಬಿನಡಿ ಚಾಕು, ರೊಟ್ಟಿಚೂರು, ಈರುಳ್ಳಿ. ಮೂಲೆಯಲ್ಲಿ ಎಣ್ಣೆದೀಪ. ಮಗುವನ್ನು ತೊಟ್ಟಿಲಿಗೆ ಕಟ್ಟಿ ಮೇಲೆ ಬಟ್ಟೆಯ ಮೇಲೆ ಬಟ್ಟೆ ಹೊದಿಸಿದಳು. ಟಾರ್ಚು ತೋರಿಸಿದೆ. ಹೊಗೆ ಇಲ್ಲ, ಬೆಂಕಿಯ ಭಯ ಇಲ್ಲ ಅಂದೆ. ಕೈಯಲ್ಲಿ ತಿರುಗಿಸಿ ನೋಡಿ ನನ್ನ ಜೇಬಿಗೇ ತುರುಕಿದಳು.

"ಬ್ಯಾಟರಿಗೆ ಯಾವ ಜಿನ್ನು ಹೆದರುತ್ತೆ? ಬೆಂಕಿ ಇರ್ಬೇಕು."

"ಜಿನ್ನಿಗೆ ಇಷ್ಟೆಲ್ಲ ವ್ಯತ್ಯಾಸ ಗೊತ್ತಾಗುತ್ತಾ?"

"ನಿನ್ನ ಪುಸ್ತಕದಲ್ಲಿ ಬರೆದಿರ್ಬೇಕಲ್ಲ, ನೋಡು. ಓದಿದವಳು ನೀನು."

ಅಂತರ್ಯುದ್ಧದ ಚಳಿಗಾಲದಲ್ಲಿ ಅವಳಿಗೊಂದು ಹೆಣ್ಣು ಹುಟ್ಟಿತ್ತು. ಊರಿಗೆಲ್ಲ ಸೀಮೆಎಣ್ಣೆ ಮುಗಿದ ವಾರ ದೀಪ ಆರಿತು, ಮಗುವೂ ಹೋಯಿತು. ಹೋದದ್ದು ಚಳಿಗೆ, ಹಸಿವಿಗೆ. ಅವಳ ಲೆಕ್ಕದಲ್ಲಿ ಕತ್ತಲಿಗೆ. ಅದನ್ನು ತಿದ್ದಲು ನನಗೆ ಬಾಯಿಲ್ಲ.

ಜನವರಿ 10, ಸಂಜೆ

ಟಾರ್ಚಿನ ದೋಷ ಈಗ ಗೊತ್ತಾಯಿತು. ಒತ್ತಿದ ಕೂಡಲೇ ಪೂರ್ತಿ ಬೆಳಕು, ಕಣ್ಣಿಗೆ ಬಡಿಯುತ್ತದೆ. ಇನ್ನೊಮ್ಮೆ ಒತ್ತಿದರೆ ಕಡಿಮೆ. ಮತ್ತೊಮ್ಮೆ ಒತ್ತಿದರೆ ಪಟಪಟ ಮಿನುಗು. ಯಾರಿಗೆ ಬೇಕು ಈ ಮಿನುಗು? ಕುರಿ ಹುಡುಕುವವನಿಗೆ ಬೇಡ, ಸೂಜಿಗೆ ದಾರ ಪೋಣಿಸುವವಳಿಗೆ ಬೇಡ. ಮದುವೆಯಲ್ಲಿ ಕುಣಿಯುವವರಿಗೆ ಇರಬೇಕು.

ಕಡಿಮೆ ಬೆಳಕೇ ಉಪಯೋಗದ್ದು. ಪತ್ರಿಕೆಯನ್ನು ಕೊನೆಯ ಪುಟದವರೆಗೂ ಓದಿದೆ. (ನೆರೆದೇಶಕ್ಕೆ ವಿದ್ಯುತ್ ಮಾರಿದ ಸುದ್ದಿ. ಅಭಿನಂದನೆ.) ಬೆಳಕಿನ ಬಣ್ಣ ಮಾತ್ರ ಹಿಡಿಸಲಿಲ್ಲ. ಬರೀ ಬಿಳಿ. ಮೇಜಿನ ಮೇಲಿನ ರೊಟ್ಟಿ ಸುಣ್ಣ ಬಳಿದ ಹಾಗೆ ಕಂಡಿತು. ದೀಪದ ಬೆಳಕಲ್ಲಿ ಎಲ್ಲರೂ ಚೆಂದ. ಇದರಲ್ಲಿ ಬೀಬಿಸೋರೋ ತನ್ನ ವಯಸ್ಸಿನವಳಾಗಿ ಕಾಣುತ್ತಾಳೆ, ನಾನೂ.

ತೊಳೆಯುವ ಬೋಗುಣಿಗೆ ಒಮ್ಮೆ ಬಿತ್ತು. ಒರೆಸಿ ಒತ್ತಿದೆ, ಹತ್ತಿತು. ಶಹಬಾಸ್.

ಜನವರಿ 11

ಮಗು ಬಹಳ ಸಾಧು. ಅಳುವುದೇ ಇಲ್ಲ. ಹಾಲಿಗೂ ಎಬ್ಬಿಸಬೇಕು. ಬೀಬಿಸೋರೋಗೆ ಹೆಮ್ಮೆ, ಖುಷ್‌ಬಖ್ತ್ ಹುಟ್ಟಿದಾಗ ಬೀದಿಯ ನಾಯಿಗಳೂ ನಿದ್ದೆ ಮಾಡಿರಲಿಲ್ಲವಂತೆ, ಇವನು ತಾತನ ಹಾಗೆ ಗಂಭೀರನಂತೆ. ಮೆಹ್ರಂಗೇಜ್ ಮಾತ್ರ ಬಾಗಿಲ ಹತ್ತಿರ ನನ್ನ ತೋಳು ಹಿಡಿದು ಕೇಳಿದಳು, ಇಷ್ಟೊಂದು ನಿದ್ದೆ ಸರಿಯಾ ಅತ್ತೆ ಅಂತ. ಹುಟ್ಟುವುದೂ ದೊಡ್ಡ ದುಡಿಮೆ ಮಗಳೇ, ದಣಿದಿರುತ್ತಾನೆ ಅಂದೆ.

ಖುಷ್‌ಬಖ್ತ್ ಹುಟ್ಟಿದಾಗ ನರ್ಸ್ ಮನೆಗೇ ಬರುತ್ತಿದ್ದಳು. ಕೆಸರಿರಲಿ, ಹಿಮವಿರಲಿ. ದಪ್ಪ ಹೆಂಗಸು, ದೊಡ್ಡ ಬಾಯಿ. ಬೂಟು ಬಿಚ್ಚುತ್ತಲೇ ಬೈಗುಳ ಶುರು. ಕಿಟಕಿಯ ರಜಾಯಿ ಕಿತ್ತೆಸೆದು ಮಗುವನ್ನು ಬೆತ್ತಲೆ ಮಾಡಿ ಬಿಸಿಲಿಗೆ ಹಿಡಿದು ನೋಡುತ್ತಿದ್ದಳು. ನನ್ನ ಅತ್ತೆ ಹಿಂದಿನಿಂದ ಶಾಪ ಹಾಕುವಳು, ಮುಂದಿನಿಂದ ಚಹಾ ಕೊಡುವಳು. ಈಗ ಯಾರೂ ಬರುವುದಿಲ್ಲ. ಹುದ್ದೆ ಇದೆಯಂತೆ. ಸಂಬಳಕ್ಕೆ ಜನ ನಿಲ್ಲುವುದಿಲ್ಲವಂತೆ. ಸರ್ಕಾರಗಳು ಬದಲಾದಾಗ ಬೀದಿಯ ಹೆಸರು ಬದಲಿಸಿದರು, ಒಪ್ಪಿದೆ. ಆ ಹೆಂಗಸನ್ನು ಯಾಕೆ ತೆಗೆದರು?

ಜನವರಿ 13, ಮಧ್ಯಾಹ್ನ

ಖುಷ್‌ಬಖ್ತ್ ಗಾಡಿಗೆ ಪೆಟ್ರೋಲು ಹಾಕಿಸಲು ಹೋಗಿದ್ದಾನೆ. ಅವನು ಬರುವ ತನಕ ಬರೆಯುತ್ತೇನೆ.

ತೊಟ್ಟಿಲ ಪಟ್ಟಿ ಬದಲಿಸುವಾಗ ಮೆಹ್ರಂಗೇಜ್ ಕೈಯಿಂದ ಪಿನ್ನು ಹಾಸಿಗೆಯಲ್ಲಿ ಬಿತ್ತು. ಮಗುವಿಗೆ ಚುಚ್ಚೀತು ಅಂತ ಕೂಗಿದಳು. ಹೋದೆ, ಟಾರ್ಚು ಒತ್ತಿದೆ. ಪಿನ್ನು ಸಿಕ್ಕಿತು, ಪಕ್ಕೆಯ ಹತ್ತಿರವೇ. ಎತ್ತುವಾಗ ಬೆಳಕು ಮುಖದ ಮೇಲೆ ಬಿತ್ತು.

ಹಳದಿ. ಮಾಗಿದ ಖರಬೂಜದ ಸಿಪ್ಪೆಯ ಹಳದಿ.

ಎಣ್ಣೆದೀಪದ ಮುಂದೆ ನಾವೆಲ್ಲರೂ ಹಳದಿಯೇ ಅಲ್ಲವೇ. ಗೋಡೆ, ಹಾಲು, ತಾಯಿಯ ಕೈ, ಎಲ್ಲ. ಟಾರ್ಚಿನ ಕೆಳಗೆ ನನ್ನ ಬೆರಳು ಬೆರಳಿನ ಬಣ್ಣಕ್ಕೆ ಬಂತು. ಮಗು ಬರಲಿಲ್ಲ. ಹಣೆಯನ್ನು ಮೆಲ್ಲಗೆ ಒತ್ತಿ ಬಿಟ್ಟೆ—ಒತ್ತಿದ ಜಾಗವೂ ಹಳದಿ. ರೆಪ್ಪೆ ಬಿಡಿಸಿದೆ, ಕಣ್ಣಿನ ಬಿಳಿಯೂ. ಕಟ್ಟು ಬಿಚ್ಚಿದೆ, ಅಂಗಾಲಿನವರೆಗೂ. ಎದೆಯಲ್ಲಿದ್ದರೆ ಕಾಯಬಹುದು, ಕಾಲಿಗಿಳಿದರೆ ಓಡಬೇಕು ಅಂತ ಎಲ್ಲೋ ಓದಿದ ನೆನಪು. ಈ ನಿದ್ದೆ ಸಾಧುತನವಲ್ಲ.

ಕಾಮಾಲೆ ಅಂತ ಬೀಬಿಸೋರೋಗೆ ಹೇಳಿದೆ. ಹಳದಿ ಹಳದಿಯನ್ನು ಎಳೆದುಕೊಳ್ಳುತ್ತದೆ ಅಂತ ತನ್ನ ಹಳದಿ ಮಣಿಸರ ತಂದು ತೊಟ್ಟಿಲಿಗೆ ಕಟ್ಟತೊಡಗಿದಳು. ಖುಜಂದ್‌ಗೆ ಹೋಗಬೇಕು, ದೊಡ್ಡ ಆಸ್ಪತ್ರೆಗೆ, ಈಗಲೇ ಅಂದೆ. ಬಾಗಿಲಿಗೆ ಅಡ್ಡ ನಿಂತಳು.

"ಚಿಲ್ಲಾ ಮುರಿದು ಒಯ್ತೀಯಾ? ಹೊಸ್ತಿಲು ದಾಟಿದ್ರೆ ಕತ್ತಲು ಹಿಡಿಯುತ್ತೆ. ಹಿಡಿದದ್ದನ್ನ ನಾನು ನೋಡಿದ್ದೀನಿ. ನೀನು ನೋಡಿಲ್ಲ."

ಕೂಗಾಡಬಹುದಿತ್ತು. ಕೂಗಾಡಿ ಗೆದ್ದವರನ್ನು ನಾನು ಕಂಡಿಲ್ಲ, ಅವಳ ಎದುರು. ಟಾರ್ಚನ್ನು ಅವಳ ಕೈಗಿಟ್ಟೆ. ನೀನೇ ನೋಡು ಅಂದೆ.

ಮಗುವಿನ ಮುಖ ನೋಡಿದಳು. ತನ್ನ ಅಂಗೈ ನೋಡಿದಳು. ಮತ್ತೆ ಮಗು. ಬಾಗಿ ದೀಪದ ಹತ್ತಿರ ಮಗುವಿನ ಕಾಲು ಹಿಡಿದಳು, ಅಲ್ಲಿಂದ ಸರಿಸಿ ಟಾರ್ಚಿಗೆ ಹಿಡಿದಳು. ಬಹಳ ಹೊತ್ತು.

"ನನ್ನದೂ ಹೀಗೇ ನಿದ್ದೆ ಮಾಡ್ತಿತ್ತು," ಅಂದಳು. "ಸಾಧು ಅಂತಿದ್ವಿ."

ಆಮೇಲೆ ಖುಷ್‌ಬಖ್ತ್‌ನನ್ನು ಕೂಗಿ ಗಾಡಿ ಬಿಸಿ ಮಾಡಲು ಹೇಳಿದಳು. ಟಾರ್ಚು ನನಗೆ ವಾಪಸು ಕೊಡಲಿಲ್ಲ.

"ಮಗು ಹೋಗಲಿ. ದೀಪ ಜೊತೆಗೆ ಹೋಗುತ್ತೆ. ನಾನು ಹಿಡ್ಕೋತೀನಿ."

ಗಾಡಿಯ ಸದ್ದು.

ಜನವರಿ 14, ಖುಜಂದ್, ಆಸ್ಪತ್ರೆಯ ಕಾರಿಡಾರು

ಬೆಂಚಿನ ಮೇಲೆ ಬರೆಯುತ್ತಿದ್ದೇನೆ. ಮೆಹ್ರಂಗೇಜ್ ಒಳಗೆ, ಹಾಲು ಹಿಂಡಿ ಕೊಡುತ್ತಿದ್ದಾಳೆ.

ನಿನ್ನೆ ದಾರಿಯುದ್ದಕ್ಕೂ ಹಿಮ, ಬಿಸಿಲು. ಕಣ್ಣು ಬಿಡಲಾಗದಷ್ಟು ಬಿಸಿಲು. ಅದರ ನಡುವೆ ಬೀಬಿಸೋರೋ ಮಗುವಿನ ಮುಖದ ಹತ್ತಿರ ಟಾರ್ಚು ಹಿಡಿದು ಕೂತಿದ್ದಾಳೆ, ಕಡಿಮೆ ಬೆಳಕಿನಲ್ಲಿ. ಗುಂಡಿ ಒತ್ತುವುದನ್ನು ಯಾರೂ ಕಲಿಸಲಿಲ್ಲ, ತಾನೇ ಕಂಡುಕೊಂಡಳು. ಕೈ ಸೋತಾಗ ಎಡಗೈಗೆ, ಮತ್ತೆ ಬಲಗೈಗೆ. ನಾನು ಹಿಡಿಯುತ್ತೇನೆ ಅಂದರೆ ಕೊಡಲಿಲ್ಲ. ಮೆಹ್ರಂಗೇಜ್ ಮಗುವಿನ ಕೆನ್ನೆ ತಟ್ಟುತ್ತಲೇ ಇದ್ದಳು, ಎಚ್ಚರ ಇರಲಿ ಅಂತ.

ಊರ ಹೊರಗಿನ ಚೆಕ್‌ಪೋಸ್ಟಿನಲ್ಲಿ ಪೊಲೀಸಿನವನು ತಡೆದ. ನನಗೆ ಬೈಗುಳ ನಾಲಿಗೆಯ ತುದಿಗೆ ಬಂದಿತ್ತು. ಈ ರಸ್ತೆಯ ಪೊಲೀಸರ ಬಗ್ಗೆ ನನ್ನಲ್ಲಿ ಹಳೆಯ ಬಾಕಿ ಬಹಳ ಇದೆ. ಅವನು ಹಿಂದಿನ ಬಾಗಿಲು ತೆಗೆದು ಬಗ್ಗಿದ.

"ಅಜ್ಜೀ, ಸೂರ್ಯ ಸಾಲ್ತಿಲ್ವಾ?"

"ಚಿಲ್ಲಾದ ಮಗು," ಅಂದಳು ಬೀಬಿಸೋರೋ. "ಆಸ್ಪತ್ರೆಗೆ."

ಅವನ ಮುಖ ಬದಲಾಯಿತು. ತಣ್ಣನೆ ಗಾಳಿ ಒಳಗೆ ಹೋಗದ ಹಾಗೆ ಬಾಗಿಲನ್ನು ಮೆಲ್ಲಗೆ ಹಾಕಿದ. ಕಾಗದ ಕೇಳಲಿಲ್ಲ. ಮುಂದೆ ನಿಂತಿದ್ದ ಲಾರಿಯನ್ನು ಪಕ್ಕಕ್ಕೆ ಸರಿಸಿ ನಮ್ಮನ್ನು ಬಿಟ್ಟ. ಹೆಸರು ಕೇಳಲು ಹೊಳೆಯಲಿಲ್ಲ. ಅವನನ್ನು ಹೆತ್ತ ತಾಯಿಯ ಹೊಟ್ಟೆ ತಣ್ಣಗಿರಲಿ.

ಡಾಕ್ಟರ್ ಎಳೆಯ ಹೆಂಗಸು, ಗುಲ್‌ಚೆಹ್ರಾ. ಅಂಗಾಲು ನೋಡಿದ ಕೂಡಲೇ ಓಡಿದಳು. ತಾಯಿ ಮಗುವಿನ ರಕ್ತ ಹೊಂದಲಿಲ್ಲವಂತೆ. ಆ ಹಳದಿ ಇನ್ನಷ್ಟು ಏರಿದ್ದರೆ ಮಿದುಳಿಗೆ ಹೋಗುತ್ತಿತ್ತು, ಕಿವಿ ಹೋಗುತ್ತಿತ್ತು, ಆಮೇಲೆ ಮಗುವೇ. ಈಗಲೂ ಭರವಸೆ ಕೊಡಲಾರೆ, ನಾಡಿದ್ದು ರಕ್ತ ನೋಡಿ ಹೇಳುತ್ತೇನೆ ಅಂದಳು. ಸುಳ್ಳು ಹೇಳದ್ದಕ್ಕೆ ಅವಳ ಮೇಲೆ ಗೌರವ ಬಂತು.

ಮಗುವನ್ನು ಬೆತ್ತಲೆ ಮಾಡಿ, ಕಣ್ಣಿಗೆ ಪಟ್ಟಿ ಕಟ್ಟಿ, ನೀಲಿ ದೀಪಗಳ ಕೆಳಗೆ ಮಲಗಿಸಿದರು. ಬೀಬಿಸೋರೋ ಗಾಜಿನ ಈಚೆ ನಿಂತಳು. ಟಾರ್ಚು ಇನ್ನೂ ಉರಿಯುತ್ತಲೇ ಇತ್ತು.

"ಮಗಳೇ, ಈ ದೀಪ ರಾತ್ರಿ ಆರಿಸ್ತೀರಾ?"

"ಇಲ್ಲ ಅಜ್ಜಿ. ಆರಿಸೋ ಹಾಗೇ ಇಲ್ಲ. ಹಗಲೂ ರಾತ್ರಿ ಉರೀಬೇಕು."

"ಕರೆಂಟು ಹೋದ್ರೆ?"

"ಜನರೇಟರ್ ಇದೆ."

ಬೀಬಿಸೋರೋ ಆ ನೀಲಿಯನ್ನೊಮ್ಮೆ ನೋಡಿದಳು. ಆಮೇಲೆ ಟಾರ್ಚಿನ ಗುಂಡಿ ಎರಡು ಸಲ ಒತ್ತಿ ಆರಿಸಿದಳು. ಬೆರಳುಗಳು ಮಡಚಿದಲ್ಲೇ ನಿಂತಿದ್ದವು, ಒಂದೊಂದಾಗಿ ಬಿಡಿಸಿಕೊಟ್ಟೆ.

"ನಮಗಿಂತ ಇವರೇ ಕಟ್ಟುನಿಟ್ಟು," ಅಂದಳು. ಅಲ್ಲೇ ಗೋಡೆಗೆ ಒರಗಿ ಕೂತು ಅತ್ತಳು. ಅವಳು ಅತ್ತದ್ದನ್ನು ನಾನು ಅವಳ ತಮ್ಮನನ್ನು ಮಣ್ಣು ಮಾಡಿದ ದಿನವೂ ನೋಡಿರಲಿಲ್ಲ.

ಜನವರಿ 15, ಬೆಳಗ್ಗೆ

ಇನ್ನೂ ಹೇಳಿಲ್ಲ.

ಅದೇ ದಿನ, ಮಧ್ಯಾಹ್ನ

ಇಳಿದಿದೆ. ಸ್ವಲ್ಪವೇ, ಆದರೆ ಇಳಿದಿದೆ. ಗುಲ್‌ಚೆಹ್ರಾ ಕಾರಿಡಾರಿನ ಆ ತುದಿಯಿಂದಲೇ ತಲೆಯಾಡಿಸಿದಳು.

ಜನವರಿ 20

ಮನೆ. ಮಗು ಮನುಷ್ಯರ ಬಣ್ಣದಲ್ಲಿದೆ. ಹಾಲಿಗೆ ಕಚ್ಚುತ್ತಾನೆ ಅಂತ ಮೆಹ್ರಂಗೇಜ್ ದೂರು, ದೂರುವಾಗ ಮುಖದ ತುಂಬ ನಗು. ಗುಲ್‌ಚೆಹ್ರಾ ಕಿವಿಯ ಹತ್ತಿರ ಗಿಲಕಿ ಆಡಿಸಿ ನೋಡಿ ಕಳಿಸಿದಳು, ಎರಡು ಕಡೆಗೂ ತಿರುಗಿದ. ಹೆಸರು ಬಹ್ರೊಮ್, ತಾತನದು. ಸೊಸೆಯೇ ಹೇಳಿದಳು, ನಾವು ಕೇಳಲಿಲ್ಲ.

ಚಿಲ್ಲಾ ಮುಂದುವರಿದಿದೆ. ಎಣ್ಣೆದೀಪವೂ. ಆದರೆ ಹಗಲು ಕಿಟಕಿಯ ಒಂದು ರಜಾಯಿ ತೆಗೆಯುತ್ತಾರೆ. ಅದು ಹೇಗೆ ಅಂತ ಕೇಳಿದರೆ ಬೀಬಿಸೋರೋ, ಬಿಸಿಲೂ ಬೆಂಕಿಯೇ ತಾನೇ, ಓದಿದವಳಿಗೆ ಅಷ್ಟೂ ಗೊತ್ತಿಲ್ವಾ ಅಂದಳು.

ಯಾರಿಗೆಲ್ಲ ಋಣಿ ಅಂತ ಯೋಚಿಸಿದೆ. ಆ ಡಾಕ್ಟರಿಗೆ. ಜನರೇಟರಿಗೆ ಡೀಸೆಲ್ ಹಾಕಿದವನಿಗೆ. ಪೊಲೀಸಿನವನಿಗೆ. ಆ ದಪ್ಪ ನರ್ಸಿಗೆ—ಮಗುವನ್ನು ಬೆಳಕಿಗೆ ಹಿಡಿದು ನೋಡಬೇಕು ಅಂತ ಅವಳಿಂದಲೇ ತಿಳಿದದ್ದು. ಟಾರ್ಚು ಬಿಗಿಹಿಡಿದು ಕೂತಿದ್ದ ನನ್ನ ಅತ್ತಿಗೆಗೆ. ಟಾರ್ಚು ಮಾಡಿದವರಿಗೂ. ಆ ಮಿನುಗನ್ನು ಮಾತ್ರ ಕ್ಷಮಿಸಲಾರೆ. ವಿದ್ಯುತ್ ಇಲಾಖೆಯ ಹೆಸರು ಈ ಸಾಲಿನಲ್ಲಿ ಇಲ್ಲ.

ಫೆಬ್ರವರಿ 3, ಬೆಳಗ್ಗೆ

ಬೀಬಿಸೋರೋ ಬಾವಿಕಟ್ಟೆಯಲ್ಲಿ, ರೊಟ್ಟಿ ಒಲೆಯ ಹತ್ತಿರ, ಎಲ್ಲ ಕಡೆ ಹೇಳಿಕೊಂಡು ಬಂದಿದ್ದಾಳೆ. ಅವಳ ಮಾತಿನಲ್ಲಿ ಹಳದಿಯನ್ನು ಕಂಡುಹಿಡಿದವಳು ಅವಳೇ. ನಾನು ತಿದ್ದಲಿಲ್ಲ. ಇಷ್ಟು ಒಳ್ಳೆಯ ಕರಡನ್ನು ತಿದ್ದಬಾರದು.

ಮೊನ್ನೆ ಪಕ್ಕದ ಬೀದಿಯವರು ಕರೆದರು, ನೋಡಿ ಬಂದೆವು. ಮಗು ಚೆನ್ನಾಗಿತ್ತು, ಗುಲಾಬಿ ಬಣ್ಣ. ಆದರೂ ಮನೆಯವರು ಚಹಾ ಕೊಡದೆ ಬಿಡಲಿಲ್ಲ. ಈಗ ಕಾಲುವೆಯಾಚೆಯ ಮನೆಯಿಂದ ಬಂದಿದ್ದಾರೆ. ಹೆಣ್ಣು ಮಗು, ಐದನೆಯ ದಿನ. ಬಹಳ ನಿದ್ದೆಯಂತೆ. ಅಳುವುದೇ ಇಲ್ಲವಂತೆ. ಹೊಸ ಬ್ಯಾಟರಿ ಹಾಕಿದ್ದೇನೆ. ಬೀಬಿಸೋರೋ ಆಗಲೇ ಬೂಟು ಹಾಕಿಕೊಂಡು ಅಂಗಳದಲ್ಲಿ ನಿಂತಿದ್ದಾಳೆ, ಖುಷ್‌ಬಖ್ತ್‌ಗೆ ಗಾಡಿ ಬಿಸಿ ಮಾಡಿಡಲು ಹೇಳುತ್ತಿದ್ದಾಳೆ, ಬೇಕಾದರೆ ಇರಲಿ ಅಂತ. "ಮೊಹಿರಾ, ಬರೆದದ್ದು ಸಾಕು," ಅಂತ ಕೂಗಿದಳು. ಇಷ್ಟು ವರ್ಷಗಳಲ್ಲಿ ಮೊದಲ ಸಲ ಹೆಸರು ಹಿಡಿದು—