ಕ್ಷಯ ಅಲ್ಲ

೯ ಜೂನ್ ೧೯೮೬, ಸೋಮವಾರ
ಮಾತ್ರೆ ನುಂಗಿ ಸ್ಕೂಲಿಗೆ ಹೋದೆ. ಮಗ್ಗಿ ಹೇಳಿಸುವಾಗ ಮೈಯೆಲ್ಲ ಬೆಂಕಿ — ರವಿಕೆ ಒದ್ದೆ. ಮೂವತ್ನಾಲ್ಕಕ್ಕೇ ಮುಟ್ಟು ನಿಂತಿದೆ. ಕ್ಯಾನ್ಸರ್ ಗಡ್ಡೆ ಅಂತ ಎಡ ಮೊಲೆ ತೆಗೆದು ಏಳು ತಿಂಗಳು. ಬೆಂಗಳೂರಲ್ಲಿ ಐದು ವಾರ ಎದೆಗೆ ಕರೆಂಟು, ಅಂದರೆ ವಿಕಿರಣ, ಕೊಟ್ಟರು, ಜೊತೆಗೇ ಈ ಹಾರ್ಮೋನ್ ಮಾತ್ರೆ. ಈಗ ಒಣಕೆಮ್ಮು.

೧೪ ಜೂನ್
ಅತ್ತೆ ಗುರುಸಿದ್ದಮ್ಮ ನನ್ನ ತಟ್ಟೆ ಲೋಟ ಬೇರೆ ಇಟ್ಟರು. "ಕ್ಷಯ ಕಣೇ ಅದು. ನಮ್ಮ ತಂಗೀನೂ ಹಿಂಗೇ ಕೆಮ್ಮಿ ಕೆಮ್ಮಿ ಹೋದ್ಲು." ಕೊಬ್ಬರಿ ಅಟ್ಟದ ಕೆಳಗಿನ ಕೋಣೆಗೆ ನನ್ನ ಹಾಸಿಗೆ. ಹೊತ್ತು ತಂದು ಹಾಕಿದ್ದು ಯಜಮಾನರೇ.

೧೮ ಜೂನ್, ಸಂಜೆ
ಸ್ಕೂಲಿಂದ ಬಂದರೆ ಮೀನಾಕ್ಷಿ ಇಲ್ಲ. ಆರು ವರ್ಷದ ಮಗಳು. ತುರುವೇಕೆರೆಗೆ, ನಾದಿನಿ ಮನೆಗೆ ಕಳಿಸಿದ್ದಾರೆ. ನನ್ನನ್ನೊಂದು ಮಾತು ಕೇಳಲಿಲ್ಲ...

೧ ಜುಲೈ
ಯಜಮಾನರ ಜೊತೆ ಬೆಂಗಳೂರು. ಎಕ್ಸ್‌ರೇ, ಕಫ ಪರೀಕ್ಷೆ. ಡಾಕ್ಟರು ಇವರ ಮುಖ ನೋಡಿಯೇ ಹೇಳಿದರು: "ಕ್ಷಯ ಅಲ್ಲ. ಯಾರಿಗೂ ಅಂಟಲ್ಲ. ಕರೆಂಟು ಬಿದ್ದ ಜಾಗದ ಕೆಳಗೆ ಶ್ವಾಸಕೋಶ ಗಟ್ಟಿಯಾಗಿದೆ. ಮಾತ್ರೆಯೂ ಸೇರಿ ಹೆಚ್ಚಾಗಿರಬಹುದು. ಖಚಿತವಾಗಿ ಹೇಳೋಕಾಗಲ್ಲ."
"ಮಾತ್ರೆ ಬಿಟ್ಟುಬಿಡ್ಲಾ?"
"ಬಿಟ್ರೆ ಗಡ್ಡೆ ಮತ್ತೆ ಬರೋ ಭಯ. ತಗೊಳ್ಳಿ."
ಬದುಕಿಸಲು ಕೊಟ್ಟದ್ದೇ ಉಸಿರು ಹಿಡಿದಿದೆ. ಥೂ.
ಬಸ್ಸಿನಲ್ಲಿ ಇವರು: "ಅವ್ವಂಗೆ ನಾನ್ ಹೇಳ್ತೀನಿ ಬುಡು. ಮಗೂನ ಕರ್ಕೊಂಡು ಬತ್ತೀನಿ."

೨೦ ಜುಲೈ
ಹೇಳಿಲ್ಲ. ಕರೆತಂದೂ ಇಲ್ಲ. ತಟ್ಟೆ ಇನ್ನೂ ಬೇರೆ. ಕೇಳಿದರೆ — "ಕಾಯಿ ಸುಲಿಯೋರು ಬಂದವ್ರೆ, ಆಮೇಲೆ."

೨೭ ಜುಲೈ, ಭಾನುವಾರ
ನಾನೇ ತುರುವೇಕೆರೆಗೆ ಹೋದೆ. ಬಸ್ಸಿಳಿದು ಒಂದು ಫರ್ಲಾಂಗು ದಾರಿ. ಉಸಿರು ಸಾಲದೆ ಮೂರು ಕಡೆ ನಿಂತೆ. ಮೀನಾಕ್ಷಿ ಓಡಿ ಬಂದಳು — ಬಾಗಿಲಲ್ಲೇ ನಿಂತುಬಿಟ್ಟಳು. ಲಂಗ ಎತ್ತಿ ಬಾಯಿ ಮುಚ್ಚಿಕೊಂಡಳು.
"ಯಾರು ಹೇಳ್ಕೊಟ್ರೇ ಇದನ್ನ? ಅಜ್ಜೀನಾ?"
"ಅಪ್ಪ. ಮೊನ್ನೆ ಬಂದಿದ್ರು. ಅಮ್ಮನ ಹತ್ರ ಹೋಗ್ಬೇಡ, ನಿಂಗೂ ಅಂಟುತ್ತೆ ಅಂದ್ರು."
ಮೊನ್ನೆ. ಅಂದರೆ ಡಾಕ್ಟರ ಮಾತು ಕಿವಿಯಾರೆ ಕೇಳಿದ ಮೇಲೆ. ಅತ್ತೆಯನ್ನು ಇಷ್ಟು ದಿನ ಸುಮ್ಮನೆ ಬೈದುಕೊಂಡೆ.
ಕೈ ಹಿಡಿದು ಎಳೆದೆ. ಅತ್ತಳು. ಬಿಟ್ಟು ಬಂದೆ.
ಈಗ ಜಗಲಿಯಲ್ಲಿ ಇವರ ಚಪ್ಪಲಿ ಸದ್ದು. ಅತ್ತೆಯೆದುರೇ ಕೇಳುತ್ತೇನೆ. ಡಾಕ್ಟರು ಏನಂದರು, ಒಂದ್ಸಲ ಜೋರಾಗಿ ಹೇಳಿ ಅಂತ. ಅವರು ಬಾಯಿ ಬಿಡದಿದ್ದರೆ ನಾನೇ ಹೇಳುತ್ತೇನೆ, ಬೀದಿಗೆ ಕೇಳುವ ಹಾಗೆ. ಉಸಿರೊಂದು ಕೈಕೊಡದಿದ್ದರೆ —